ಕೊಂಬೆಗೆ ಸಿಕ್ಕಿಸಿದ ಕೈಗವಸು

ಹೆಲ್ಸಿಂಕಿಯ ಪೂರ್ವದಂಚಿನ ಕಡಲ ದಾರಿಯಲ್ಲಿ ಬಿದ್ದು ಸಿಕ್ಕಿದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಮಗುವಿನ ಟೋಪಿಯಿರಲಿ, ಬೀಗದ ಕೈಯಿರಲಿ, ಒಂಟಿ ಕೈಗವಸಿರಲಿ, ಎತ್ತಿ, ಹಿಮ ಕೊಡವಿ, ಹತ್ತಿರದ ಕೊಂಬೆಗೆ ಕಣ್ಣಿನ ಎತ್ತರದಲ್ಲಿ ಸಿಕ್ಕಿಸಿ ಮುಂದೆ ಹೋಗುತ್ತಾರೆ. ಕಳೆದುಕೊಂಡವರು ಹುಡುಕುತ್ತ ಅದೇ ದಾರಿಯಲ್ಲಿ ಬರುತ್ತಾರೆ, ಅವರ ಕಣ್ಣಿಗೆ ಬೀಳಬೇಕು, ಅಷ್ಟೆ. ಕೆಲವು ಕೈಗವಸುಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗೂ ಯಾರಿಗೋ ಟಾಟಾ ಮಾಡುವಂತೆ ಕೊಂಬೆಯ ತುದಿಯಲ್ಲಿ ನಿಂತೇ ಇರುತ್ತವೆ. ಯಾರೂ ಮುಟ್ಟುವುದಿಲ್ಲ.

ಆ ನಂಬಿಕೆಯ ಮೇಲೆಯೇ ತೈಮಿ ಅಂದು ತನ್ನ ಕೈಗವಸನ್ನು ಕೊಂಬೆಗೆ ಸಿಕ್ಕಿಸಿದಳು.

ಕ್ರಿಸ್‌ಮಸ್‌ಗೆ ಇನ್ನು ನಾಲ್ಕು ದಿನ ಇತ್ತು. ಪ್ರತಿವರ್ಷ ಆ ದಿನ ತೈಮಿ ಮತ್ತು ಅವಳ ಅಕ್ಕ ಹಿಲ್ಕಾ ಒಂದು ಕಟ್ಟು ಓಟ್ಸ್ ತೆನೆ ಹಿಡಿದು ಭೂಶಿರದ ತುದಿಯ ಬಂಡೆಗೆ ಹೋಗುತ್ತಿದ್ದರು. ಚಳಿಗಾಲದ ಹಕ್ಕಿಗಳಿಗೆ ಹಬ್ಬದ ಊಟ. ಊರಿನವರೆಲ್ಲ ತಮ್ಮ ತಮ್ಮ ಅಂಗಳದಲ್ಲಿ ಕಟ್ಟಿದರೆ, ಇವರ ತಾಯಿ ಮಾತ್ರ ಕಡಲಿಗೆ ಚಾಚಿದ ಆ ಬಂಡೆಯ ಮೇಲಿನ ಕಬ್ಬಿಣದ ಕಂಬಕ್ಕೆ ಕಟ್ಟುತ್ತಿದ್ದಳು. ತಾಯಿ ಹೋಗಿ ಮೂವತ್ತು ವರ್ಷವಾದರೂ ತೆನೆ ಕಟ್ಟುವುದು ನಿಂತಿರಲಿಲ್ಲ. ಹಿಲ್ಕಾಳಿಗೆ ಎಪ್ಪತ್ನಾಲ್ಕು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ತೈಮಿಗೆ ಅರವತ್ತೊಂಬತ್ತು, ಶಾಲೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ಸೂಪು ಕಲಕಿದವಳು. ಹಿಲ್ಕಾ ಯಾವಾಗಲೂ ಮುಂದೆ ನಡೆಯುತ್ತಿದ್ದಳು, ತೈಮಿ ಹಿಂದೆ.

"ಬೇಗ ಬಾರೇ. ನೀನು ಬರೋ ಹೊತ್ತಿಗೆ ಹಕ್ಕಿಗಳು ಈಸ್ಟರ್ ಹಬ್ಬ ಮಾಡ್ತಿರುತ್ವೆ," ಎಂದಳು ಹಿಲ್ಕಾ, ತಿರುಗಿ ನೋಡದೆ.

"ಹಕ್ಕಿಗಳಿಗೇನು ಅವಸರ ಇಲ್ಲ, ಅವಸರ ಎಲ್ಲ ನಿಂಗೆ. ಎಪ್ಪತ್ನಾಲ್ಕಾಯ್ತು, ಇನ್ನೂ ಗಂಟೆ ಹೊಡೀತು ಅಂತ ಕ್ಲಾಸಿಗೆ ಓಡೋ ಹಾಗೆ ನಡೀತೀಯ."

ದಟ್ಟವಾಗಿ ಹಿಮ ಬೀಳುತ್ತಿತ್ತು. ಕಡಲಂಚಿನ ಮುಖ್ಯದಾರಿಯಿಂದ ಬಂಡೆಗಳ ಕಡೆಗೆ ಹತ್ತಾರು ಸಣ್ಣ ದಾರಿಗಳು ಒಡೆಯುತ್ತವೆ. ಬೇಸಿಗೆಯಲ್ಲಿ ಈಜುವವರು, ಗಾಳ ಹಾಕುವವರು ತುಳಿದು ಮಾಡಿದ ದಾರಿಗಳು. ಹಿಮ ಬಿದ್ದ ಮೇಲೆ ಎಲ್ಲವೂ ಒಂದೇ ತರಹ: ಎರಡು ಮರಗಳ ನಡುವೆ ಒಂದು ಬಿಳಿ ಸಂದು. ಮೊದಲು ಇವರ ತಿರುವಿನಲ್ಲಿ ಸೊಂಟ ಬಾಗಿದ ಒಂದು ಪೈನ್ ಮರ ಇತ್ತು. ಅಕ್ಟೋಬರಿನ ಬಿರುಗಾಳಿಗೆ ಅದು ಉರುಳಿ, ನಗರಸಭೆಯವರು ತುಂಡು ಮಾಡಿ ಸಾಗಿಸಿಬಿಟ್ಟಿದ್ದರು. ಆದರೂ ಹಿಲ್ಕಾ ಅನುಮಾನವೇ ಇಲ್ಲದೆ ಒಂದು ಸಂದಿನಲ್ಲಿ ತಿರುಗಿದಳು. ತೈಮಿ ಅವಳ ನೀಲಿ ಕೋಟಿನ ಬೆನ್ನನ್ನು ನೋಡುತ್ತ ಹಿಂಬಾಲಿಸಿದಳು. ದಾರಿಯನ್ನು ನೋಡಲಿಲ್ಲ. ಅಕ್ಕನ ಬೆನ್ನು ಮುಂದಿರುವಾಗ ದಾರಿಯನ್ನು ನೋಡುವ ಅಗತ್ಯ ಅವಳಿಗೆ ಯಾವತ್ತೂ ಬಿದ್ದಿರಲಿಲ್ಲ.

ತೆನೆಯ ಕಟ್ಟನ್ನು ಕಂಬಕ್ಕೆ ಬಿಗಿದು, ನೇರವಾಗಿದೆಯೋ ಇಲ್ಲವೋ ನೋಡಲು ಹಿಲ್ಕಾ ಎರಡು ಹೆಜ್ಜೆ ಹಿಂದೆ ಇಟ್ಟಳು. ಹಿಮದ ಅಡಿಯಲ್ಲಿ ಅಲೆ ಚಿಮ್ಮಿ ಹೆಪ್ಪುಗಟ್ಟಿದ ಮಂಜುಗಡ್ಡೆ ಇತ್ತು. ಅವಳು ಕೂಗಲಿಲ್ಲ. ಬಂಡೆಗೆ ಏನೋ ಬಡಿದ ಮಂದವಾದ ಸದ್ದು ಮಾತ್ರ ಕೇಳಿಸಿತು. ತೈಮಿ ಹತ್ತಿರ ಬಂದಾಗ ಅಕ್ಕ ಅಂಗಾತ ಬಿದ್ದಿದ್ದಳು, ಬಲಗಾಲು ಸೊಂಟದಿಂದಲೇ ಹೊರಕ್ಕೆ ತಿರುಗಿಕೊಂಡಿತ್ತು.

"ಅಕ್ಕಾ! ಏಳೋಕಾಗತ್ತಾ?"

"ಏಳೋಕಾಗಿದ್ರೆ ಇಲ್ಲಿ ಮಲಗಿ ಆಕಾಶ ಎಣಿಸ್ತಿದ್ನಾ?" ಹಿಲ್ಕಾಳ ತುಟಿ ಬೆಳ್ಳಗಾಗಿತ್ತು. "ಮುಟ್ಟಬೇಡ. ಮುಟ್ಟಬೇಡ ಅಂದೆ. ಫೋನ್ ಮಾಡು."

ತೈಮಿ ಫೋನು ತೆಗೆದಳು. ಪರದೆ ಒಮ್ಮೆ ಬೆಳಗಿತು, ಅವಳು ನಂಬರು ಒತ್ತುವಷ್ಟರಲ್ಲಿ ಕಪ್ಪಾಯಿತು. ಚಳಿಗೆ ಹಳೆಯ ಬ್ಯಾಟರಿ ಹೀಗೆ ಕೈಕೊಡುವುದು ಹೊಸದೇನಲ್ಲ. ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದಳು, ಉಸಿರು ಊದಿದಳು. ಬೆಳಗಲಿಲ್ಲ.

"ನಿನ್ನದೆಲ್ಲಿ?"

"ಮನೇಲಿ. ನಂಗೆ ಫೋನ್ ಮಾಡೋಳು ಭೂಮಿ ಮೇಲೆ ನೀನೊಬ್ಬಳು. ನೀನು ಪಕ್ಕದಲ್ಲೇ ಇದ್ದೀಯಲ್ಲ ಅಂತ ಬಿಟ್ಟು ಬಂದೆ."

ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಕಡಲಿನಿಂದ ಗಾಳಿ. ತೈಮಿ ಕಂಬದಿಂದ ತೆನೆಯ ಕಟ್ಟನ್ನು ಬಿಚ್ಚಿ, ಹುಲ್ಲನ್ನು ಬಿಡಿಸಿ, ಅಕ್ಕನ ಬೆನ್ನಿನ ಕೆಳಗೆ ಒಂದಿಷ್ಟಿಷ್ಟೇ ತೂರಿಸಿದಳು. ಪ್ರತಿ ಸಲವೂ ಹಿಲ್ಕಾ ಹಲ್ಲು ಕಚ್ಚಿದಳು. "ಅದು ಹಕ್ಕಿಗಳದ್ದು ಕಣೇ," ಎಂದಳು ಕೊನೆಗೆ. ತೈಮಿ ತನ್ನ ಶಾಲು ಬಿಚ್ಚಿ ಅವಳ ತಲೆಗೆ ಸುತ್ತಿದಳು, ಫ್ಲಾಸ್ಕಿನ ಕಾಫಿಯನ್ನು ಅವಳ ಎದೆಯ ಮೇಲಿಟ್ಟಳು.

"ಈಜುವವರ ಮನೆಗೆ ಹೋಗ್ತೀನಿ. ಅಲ್ಲಿ ಜನ ಇರ್ತಾರೆ. ಒಂದು ಗಂಟೆಯೊಳಗೆ ಬರ್ತೀನಿ."

"ತಿರುವಿನಲ್ಲಿ ಗುರುತು ಇಟ್ಟು ಹೋಗು. ನೀನು ನಿನ್ನ ಮನೆ ಮೆಟ್ಟಿಲಲ್ಲೇ ದಾರಿ ತಪ್ಪೋಳು." ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿದಳು, "ಓಡಬೇಡ ಕಣೇ! ನೀನೂ ಬಿದ್ದರೆ ಇಬ್ಬರೂ ಹೋಗ್ತೀವಿ!"

ಮುಖ್ಯದಾರಿಗೆ ಬಂದು ತೈಮಿ ನಿಂತಳು. ಬಲಗೈಯ ಕೈಗವಸು ತೆಗೆದಳು. ಅದು ಹಿಲ್ಕಾ ಹೆಣೆದದ್ದು: ಕೆಂಪು ಉಣ್ಣೆ, ಬಿಳಿ ನಕ್ಷತ್ರ, ಆದರೆ ಕೊನೆಗೆ ಕೆಂಪು ನೂಲು ಮುಗಿದು ಹೆಬ್ಬೆರಳೊಂದು ಮಾತ್ರ ಹಸಿರು. ಈಜುವವರ ಮನೆಯಲ್ಲಿ ಅದರ ಬಗ್ಗೆ ಹತ್ತು ವರ್ಷದಿಂದ ತಮಾಷೆ ನಡೆಯುತ್ತಿತ್ತು. ಒಂದು ಎಳೆಯ ಸ್ಪ್ರೂಸ್ ಮರದ ಕೊಂಬೆಗೆ, ಕಣ್ಣಿನ ಎತ್ತರದಲ್ಲಿ, ಅದನ್ನು ಭದ್ರವಾಗಿ ಸಿಕ್ಕಿಸಿದಳು. ಬಿಳಿ ಕಾಡಿನಲ್ಲಿ ಅದು ದೂರದಿಂದಲೂ ಕಾಣುವಂತಿತ್ತು.

ಆಮೇಲೆ ನಡೆದಳು. ಎಷ್ಟು ದೂರ ನಡೆದಳೋ ಅವಳಿಗೆ ತಿಳಿಯಲಿಲ್ಲ. ಎಡಗಡೆ ಗುಡ್ಡ ಹತ್ತುವ ಮೂರು ನಾಲ್ಕು ಮರದ ಮೆಟ್ಟಿಲುಸಾಲುಗಳಲ್ಲಿ ಒಂದು ಸಿಕ್ಕಿತು, ಯಾವುದೆಂದು ನೋಡಲಿಲ್ಲ. ಹತ್ತಿ ಇಳಿದರೆ ಕಡಲ ದಾರಿಯ ದೊಡ್ಡ ಸುತ್ತು ತಪ್ಪುತ್ತದೆ. ಕೈಕಂಬಿ ಹಿಡಿದು ಹತ್ತಿದಳು.

ಈಜುವವರ ಮನೆ ಎಂದರೆ ಚಳಿಗಾಲದಲ್ಲೂ ಕಡಲಲ್ಲಿ ಈಜುವವರ ಸಂಘಕ್ಕೆ ಸೇರಿದ, ದಡದಲ್ಲಿರುವ ಒಂದು ಮರದ ಕಟ್ಟಡ. ಒಳಗೆ ಬಿಸಿ ಹಬೆಸ್ನಾನದ ಸೌನಾ, ಹೊರಗೆ ಮಂಜುಗಡ್ಡೆಯಲ್ಲಿ ಕೊರೆದ ಕೊಳ. ತೈಮಿ ಬಾಗಿಲು ನೂಕಿದಾಗ ಹಬೆಯ ಜೊತೆ ಏಲಕ್ಕಿ ಬನ್ನಿನ ವಾಸನೆ ಬಂತು. ಕೀಲಿ ನೋಡಿಕೊಳ್ಳುವ ರೈಯಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕಾಫಿ ಬಗ್ಗಿಸುತ್ತಿದ್ದಳು.

"ಏನಮ್ಮ ತೈಮಿ, ಈಜು ಬಟ್ಟೆ ಮರೆತು..." ಎಂದವಳು ತೈಮಿಯ ಮುಖ ನೋಡಿ ಕಾಫಿಪಾತ್ರೆ ಕೆಳಗಿಟ್ಟಳು.

ತೈಮಿ ಎರಡೇ ಮಾತಿನಲ್ಲಿ ಹೇಳಿದಳು. ರೈಯಾ ಆಗಲೇ ನೂರಾ ಹನ್ನೆರಡಕ್ಕೆ ಫೋನು ಹಚ್ಚಿದ್ದಳು. ಆ ಕಡೆಯ ಧ್ವನಿ ಶಾಂತವಾಗಿತ್ತು. ಹೆಸರೇನು, ವಯಸ್ಸೆಷ್ಟು, ಪ್ರಜ್ಞೆ ಇದೆಯೇ. ಆಮೇಲೆ: ಸರಿಯಾಗಿ ಯಾವ ಜಾಗ?

"ಭೂಶಿರದ ಆಚೆ ಬದಿ," ಎಂದಳು ತೈಮಿ. "ಅಲ್ಲಿ ಬಂಡೆಗಳು ಬೇಕಾದಷ್ಟಿವೆ. ಆದ್ರೆ ತಿರುವಿನಲ್ಲಿ ಕೆಂಪು ಕೈಗವಸು ಸಿಕ್ಕಿಸಿ ಬಂದಿದ್ದೀನಿ. ಅದು ಕಂಡ ಕಡೆ ಒಳಗೆ ಹೋದ್ರೆ ಮುನ್ನೂರು ಹೆಜ್ಜೆ, ಅಷ್ಟೆ."

"ಒಳ್ಳೆ ಕೆಲಸ ಮಾಡಿದಿರಿ," ಎಂದಿತು ಧ್ವನಿ. "ಗಾಡಿ ಹೊರಟಿದೆ."

ತೈಮಿ ಮೊದಲ ಬಾರಿಗೆ ಉಸಿರು ಬಿಟ್ಟಳು. ರೈಯಾ ಅವಳ ಬಲಗೈಯನ್ನು ತನ್ನೆರಡು ಬಿಸಿ ಅಂಗೈಗಳ ನಡುವೆ ತೆಗೆದುಕೊಂಡು ಉಜ್ಜತೊಡಗಿದಳು.

ಬಾಗಿಲು ತೆರೆಯಿತು. ಹುಬ್ಬಿನ ತುಂಬ ಹಿಮ ಅಂಟಿಸಿಕೊಂಡು ತೌನೊ ಒಳಗೆ ಬಂದ. ಎಂಬತ್ತರ ಹತ್ತಿರದ ಮುದುಕ, ಸಂಘದ ಹಳೇ ಸದಸ್ಯ. ಮುಂದೆ ಕುರ್ಚಿ, ಕೆಳಗೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ ಇರುವ ಜಾರುಬಂಡಿಯನ್ನು ಒಂದು ಕಾಲಲ್ಲಿ ನೆಲ ಒದೆದು ಓಡಿಸುತ್ತ ದಿನಾ ಭೂಶಿರವನ್ನು ಒಂದು ಸುತ್ತು ಹಾಕುವವನು. ಈ ಕಾಲದಲ್ಲಿ ಆ ದಾರಿಯಲ್ಲಿ ಅಂಥ ಬಂಡಿ ಓಡಿಸುವವನು ಅವನೊಬ್ಬನೇ. ಮುಖವೆಲ್ಲ ನಗು.

"ನೋಡಿ, ನೋಡಿ, ಕಳ್ಳಿ ಇಲ್ಲೇ ಕೂತಿದ್ದಾಳೆ!" ಅವನು ಬೆನ್ನ ಹಿಂದಿನಿಂದ ಕೈ ಮುಂದೆ ತಂದ. "ಹಸಿರು ಹೆಬ್ಬೆಟ್ಟು! ಇಡೀ ಫಿನ್ಲೆಂಡಿಗೆ ಇಂಥದ್ದು ಒಂದೇ ಇರೋದು. ಯಾರೋ ಪುಣ್ಯಾತ್ಮರು ಎತ್ತಿ ಕೊಂಬೆಗೆ ಸಿಕ್ಕಿಸಿದ್ರು. ಬೇರೆಯವರದ್ದಾಗಿದ್ರೆ ಮುಟ್ತಿರಲಿಲ್ಲ. ಇದು ನಮ್ಮ ತೈಮಿದು, ಈ ಚಳೀಲಿ ಬರಿಗೈಲಿ ಇರ್ತಾಳಲ್ಲ ಪಾಪ ಅಂತ, ಸುತ್ತು ಅರ್ಧಕ್ಕೇ ಬಿಟ್ಟು ಹಿಂದಕ್ಕೆ ತಿರುಗಿಸಿದೆ. ಒಂದು ಬನ್ನು ಸಾಲದು, ಎರಡು ಕೊಡಬೇಕು."

ಯಾರೂ ನಗಲಿಲ್ಲ. ತೈಮಿ ಕೈಗವಸನ್ನು ನೋಡಿದಳು. ಅವನ ಕೈಯಲ್ಲಿ ಅದರ ಮೇಲಿನ ಹಿಮ ಕರಗಿ ಹನಿಯಾಗುತ್ತಿತ್ತು.

"ಎಲ್ಲಿತ್ತು ಅದು?" ಎಂದಳು. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಕೊಂಬೆ ಮೇಲೆ. ಹೇಳಿದ್ನಲ್ಲ."

"ಯಾವ ಕೊಂಬೆ ತೌನೊ? ಯಾವ ಮರ? ಎಷ್ಟನೇ ತಿರುವು?"

"ಅದು... ಸ್ಪ್ರೂಸ್ ಇರ್ಬೇಕು. ದಾರಿ ಬದೀಲಿ. ಯಾಕೆ?"

ರೈಯಾ ಹೇಳಿದಳು. ತೌನೊನ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಸ್ವಲ್ಪ ಹೊತ್ತು ಮರೆತುಹೋದಂತೆ ಉಳಿದುಕೊಂಡಿತ್ತು. ಆಮೇಲೆ ಅವನು ಬೆಂಚಿನ ಮೇಲೆ ಕುಸಿದ.

"ಹೆಜ್ಜೆ ಗುರುತು ನೋಡಿದೆ," ಎಂದ. "ಒಳಗೆ ಹೋಗಿದ್ವು. ವಾಪಸ್ ಬಂದಿದ್ವು. ಹಕ್ಕಿ ನೋಡೋಕೆ ಯಾರೋ ಹೋಗಿ ಬಂದಿದ್ದಾರೆ ಅಂದ್ಕೊಂಡೆ. ದೇವರೇ, ಎಷ್ಟು ಜನ ಬಂದಿದ್ದಾರೆ ಅಂತ ಎಣಿಸಲಿಲ್ಲ."

ರಕ್ಷಣಾ ದಳದವರು ಬಂದಾಗ ಎರಡು ಗಂಟೆಗೆ ಹತ್ತು ನಿಮಿಷ ಇತ್ತು. ನಾಲ್ಕು ಜನ, ಹಿಮದಲ್ಲಿ ಓಡುವ ಅಗಲ ಪಟ್ಟಿಯ ಒಂದು ಗಾಡಿ, ಅದರ ಹಿಂದೆ ಮಲಗಿಸಿ ಎಳೆಯುವ ಬಂಡಿ. ಅವರ ಮುಖ್ಯಸ್ಥೆ ಮೂವತ್ತರ ಹೆಂಗಸು, ಮಾತು ಕಡಿಮೆ. ಹಿಮ ಬೀಳುವಾಗ ಮೇಲಿನಿಂದ ಹುಡುಕುವ ಯಂತ್ರ ಹಾರಿಸಲಾಗುವುದಿಲ್ಲ ಎಂದಳು. ದಡದ ಮಂಜುಗಡ್ಡೆ ಇನ್ನೂ ತೆಳು, ಕಡಲ ಕಡೆಯಿಂದ ಹೋಗುವಂತಿಲ್ಲ. ಒಂದೊಂದೇ ತಿರುವು ಹೊಕ್ಕು ನೋಡಬೇಕು.

"ಎಷ್ಟು ತಿರುವು ಇವೆ?"

"ಹದಿನೈದು," ಎಂದಳು ರೈಯಾ. "ಇಪ್ಪತ್ತೂ ಇರಬಹುದು. ಕೆಲವು ಒಳಗೆ ಹೋಗಿ ಮತ್ತೆ ಕವಲೊಡೆಯುತ್ವೆ."

"ಕೂಗಿದ್ರೆ ಕೇಳಿಸುತ್ತಾ?"

"ಗಾಳಿ ಕಡಲಿಂದ ಬೀಸ್ತಿದೆ," ಎಂದಳು ತೈಮಿ. "ನನ್ನ ಕೂಗು ಅವಳಿಗೆ ಕೇಳಲ್ಲ."

ಮೂರೂಕಾಲು ಗಂಟೆಗೆಲ್ಲ ಕತ್ತಲು. ಮುಖ್ಯಸ್ಥೆ ಹಾಗೆಂದು ಹೇಳಲಿಲ್ಲ, ಕೈಗಡಿಯಾರ ಮಾತ್ರ ನೋಡಿಕೊಂಡಳು. ಸಣ್ಣ ಮಾತೊಂದನ್ನು ನುಂಗಿಕೊಂಡ ಅವಳ ಆ ದಯೆ ತೈಮಿಗೆ ಆ ಗಳಿಗೆಯಲ್ಲೂ ಅರ್ಥವಾಯಿತು.

ಕಡಲ ದಾರಿಯ ಮೊದಲ ಎರಡು ತಿರುವುಗಳನ್ನು ಹೊಕ್ಕು ಬಂದರು. ಬರಿಯ ಬಂಡೆ, ಬರಿಯ ಹಿಮ. ಮೂರನೆಯದರಲ್ಲಿ ಇಬ್ಬರು ಒಳಗೆ ಹೋಗಿ ಬರಲು ಎಂಟು ನಿಮಿಷ ಹಿಡಿಯಿತು. ತೈಮಿ ಪ್ರತಿ ಸ್ಪ್ರೂಸ್ ಮರದ ಮುಂದೆಯೂ ನಿಂತು, ಇದೇ ಇರಬಹುದು ಅನ್ನುತ್ತಿದ್ದಳು. ಎರಡು ಹೆಜ್ಜೆ ಮುಂದಿನ ಮರವೂ ಹಾಗೇ ಇರುತ್ತಿತ್ತು. ಅವಳ ಹೆಜ್ಜೆಗುರುತು ಎಲ್ಲೂ ಉಳಿದಿರಲಿಲ್ಲ. ಒಂದು ಗೇಣು ಹೊಸ ಹಿಮ ಬಿದ್ದು ಎಲ್ಲವನ್ನೂ ಸಮ ಮಾಡಿತ್ತು. ಅರವತ್ತು ವರ್ಷ ಬಂದ ದಾರಿ. ಆ ನೀಲಿ ಕೋಟಿನ ಬೆನ್ನಿನ ಹೊಲಿಗೆಯೊಂದೊಂದೂ ಅವಳಿಗೆ ನೆನಪಿತ್ತು. ಒಂದು ಮರವೂ ನೆನಪಿರಲಿಲ್ಲ.

"ನಾನೇನು ನೋಡ್ತಿದ್ದೆ ಇಷ್ಟು ವರ್ಷ?" ಎಂದಳು ಜೋರಾಗಿ. "ಏನು ನೋಡ್ತಿದ್ದೆ ನಾನು?"

"ಹೀಗೆ ಒಂದೊಂದೇ ಹೋದ್ರೆ ಆಗಲ್ಲ," ಎಂದಳು ಮುಖ್ಯಸ್ಥೆ ತನ್ನವರಿಗೆ. "ಗಾಡೀಲಿ ತುದಿಯವರೆಗೂ ಹೋಗೋಣ. ಅಲ್ಲಿಂದ ವಾಪಸ್ ಹುಡುಕ್ತಾ ಬರೋಣ. ಹತ್ತಿ."

ಗಾಡಿ ಗುಡುಗುಟ್ಟಿತು. ಆಗ ತೌನೊ ಓಡಿಬಂದು ಅದರ ಮುಂದೆ ಎರಡೂ ಕೈ ಅಗಲಿಸಿ ನಿಂತ. ಅವನು ಅಷ್ಟು ಹೊತ್ತೂ ತಲೆ ತಗ್ಗಿಸಿ ಹಿಂದೆ ಹಿಂದೆ ಬರುತ್ತಿದ್ದ.

"ಓಡಿಸಬೇಡಿ! ನನ್ನ ಗೆರೆ ಅಳಿಸಿಹೋಗುತ್ತೆ!"

"ಯಾವ ಗೆರೆ? ಪಕ್ಕಕ್ಕೆ ಬನ್ನಿ."

"ಬಂಡಿ ಗೆರೆ. ನಾನು ಕೈಗವಸು ತಗೊಂಡ ಜಾಗದಲ್ಲೇ ಬಂಡಿ ತಿರುಗಿಸಿದ್ದು. ಅಲ್ಲೇ, ಅದೇ ಮರದ ಕೆಳಗೆ. ಅಲ್ಲಿವರೆಗೆ ಗೆರೆ ಇರುತ್ತೆ. ಅದರಾಚೆ ಇರಲ್ಲ, ನಿನ್ನೆದನ್ನ ಜನ ತುಳಿದು ಹಾಕಿರ್ತಾರೆ."

ಎಲ್ಲರೂ ದಾರಿಯನ್ನು ನೋಡಿದರು. ತೊಳೆದ ಹಾಸಿಗೆಯಂತೆ ಬೆಳ್ಳಗೆ, ನುಣ್ಣಗೆ.

"ಏನೂ ಕಾಣಿಸ್ತಿಲ್ಲ," ಎಂದ ಒಬ್ಬ, ಮೆಲ್ಲಗೆ.

ತೈಮಿ ಅಷ್ಟರಲ್ಲಿ ಮಂಡಿಯೂರಿದ್ದಳು. ಎಡಗೈಯ ಕೈಗವಸಿನಿಂದ ಹಿಮ ಸರಿಸಿ ನೋಡಿದಳು. ಒಳಗೂ ಬಿಳಿ, ಬೂದು, ಏನೂ ತಿಳಿಯದು. ದಪ್ಪ ಉಣ್ಣೆಗೆ ಏನೂ ಹತ್ತುವುದಿಲ್ಲ. ಬಲಗೈಯದನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು, ಆಗಷ್ಟೇ ತೌನೊ ತಂದುಕೊಟ್ಟಿದ್ದನ್ನು. ಬರಿ ಬೆರಳನ್ನು ಹಿಮದೊಳಗೆ ಇಳಿಸಿ ದಾರಿಗೆ ಅಡ್ಡಲಾಗಿ ಎಳೆದಳು. ಮೇಲೆ ಹಿಟ್ಟಿನಂಥ ಹಿಮ. ಅದರಡಿ ತುಳಿದ ಹಿಮದ ಒರಟು. ಆಮೇಲೆ ಬೆರಳು ಸರ್ರನೆ ಜಾರಿತು. ಒಂದು ಸಣ್ಣ ನುಣುಪಾದ ಪಟ್ಟಿ, ಗಾಜಿನ ಹಾಗೆ. ಮೊಳದಷ್ಟು ಆಚೆ ಇನ್ನೊಂದು.

"ಇದೆ," ಎಂದಳು. "ಸೂಪಿಗೆ ಬಟಾಣಿ ಆರಿಸಿದ ಕೈ ಇದು. ಇದೆ."

ಮುಖ್ಯಸ್ಥೆ ಗಾಡಿಯ ಎಂಜಿನ್ ನಿಲ್ಲಿಸಲು ಸನ್ನೆ ಮಾಡಿದಳು. ತಾನೂ ಕೈಗವಸು ತೆಗೆದು ಮುಟ್ಟಿ ನೋಡಿದಳು. "ಪ್ರತಿ ತಿರುವಿನ ಆಚೆ ಬದಿ ನೋಡಿ," ಎಂದಳು. "ಗೆರೆ ಇದ್ರೆ ಮುಂದೆ. ಒಳಗೆ ಹೊಕ್ಕೋದು ಬೇಡ."

ಹಾಗೆ ಹೊರಟರು. ಎಲ್ಲರಿಗಿಂತ ಮುಂದೆ ತೈಮಿ, ಅವಳ ಹಿಂದೆ ತೌನೊ, ಅವನ ಹಿಂದೆ ನಾಲ್ವರು, ತಮ್ಮ ಹಗುರ ಬಂಡಿಯನ್ನು ಕೈಯಲ್ಲೇ ಎಳೆದುಕೊಂಡು. ಪ್ರತಿ ಸಂದಿನ ಆಚೆಗೂ ತೈಮಿ ಕೂತಳು, ಬೆರಳಿಳಿಸಿದಳು, ಎದ್ದಳು. ಇದೆ. ಇದೆ. ಮೊದಮೊದಲು ಬೆರಳು ಉರಿಯಿತು. ಮೊದಲ ಮರದ ಮೆಟ್ಟಿಲು ದಾಟುವ ಹೊತ್ತಿಗೆ ಉರಿ ನಿಂತಿತು. ಉರಿ ನಿಂತದ್ದೇ ಅವಳಿಗೆ ಭಯವಾಯಿತು, ಬೆರಳು ಸತ್ತರೆ ಗೆರೆ ತಿಳಿಯುವುದಿಲ್ಲ.

"ನಾನು ನೋಡ್ತೀನಿ, ಬಿಡಿ ತೈಮಿ," ಎಂದ ತೌನೊ. ತಾನೂ ಕೂತು ಕೈಯಿಳಿಸಿದ. ಅವನ ಬೆರಳುಗಳು ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ಎಂದೋ ಮರಗಟ್ಟಿ ಹೋಗಿದ್ದವು. "ನಂಗೆ ಏನೂ ಗೊತ್ತಾಗ್ತಿಲ್ಲ," ಎಂದ. "ಹಾಳಾದ ಕೈ. ತರಬಾರದ್ದನ್ನು ತರೋಕೆ ಆಗುತ್ತೆ, ಇದಕ್ಕಾಗಲ್ಲ."

"ಸುಮ್ನಿರಿ, ಏಳಿ," ಎಂದಳು ತೈಮಿ. "ನನ್ನ ಕೈ ಇನ್ನೂ ಇದೆ."

ದಳದ ಒಬ್ಬ ಯುವಕ ಏನೂ ಕೇಳದೆ ತನ್ನ ಜಾಕೆಟ್ಟಿನ ಜಿಪ್ಪು ಇಳಿಸಿ, ಅವಳ ಕೈಯನ್ನು ಹಿಡಿದು ತನ್ನ ಕಂಕುಳಲ್ಲಿ ಇಟ್ಟುಕೊಂಡ. ಅಪರಿಚಿತನ ಎದೆಬಡಿತ ಅವಳ ಮುಂಗೈಗೆ ತಾಗಿತು. ಮುಂದಿನ ತಿರುವು ಬರುವವರೆಗೆ ಇಬ್ಬರೂ ಹಾಗೇ, ಕಾಲಿಗೆ ಕಾಲು ತೊಡರಿಸಿಕೊಳ್ಳುತ್ತ ನಡೆದರು. ಬೆರಳಿಗೆ ಮತ್ತೆ ಉರಿ ಬಂತು. ಆ ಉರಿಗೆ ಅವಳ ಕಣ್ಣಲ್ಲಿ ನೀರು ಬಂತು, ಸಂತೋಷದಿಂದ.

ಬೆಳಕು ನೀಲಿಯಾಗುತ್ತಿತ್ತು.

ಮುಂದಿನ ತಿರುವಿನಾಚೆ ಬೆರಳು ಎಲ್ಲೂ ಜಾರಲಿಲ್ಲ. ತೈಮಿ ಇನ್ನೊಂದು ಕಡೆ ಎಳೆದಳು. ಒರಟು. ಮತ್ತೊಂದು ಕಡೆ. ಒರಟು. ಮಂಡಿಯ ಮೇಲೆಯೇ ಹಿಂದಕ್ಕೆ ತೆವಳಿದಳು, ಎರಡು ಮಾರು, ಮೂರು ಮಾರು. ಗಾಜಿನ ಪಟ್ಟಿ ಸಿಕ್ಕಿತು. ಅದರ ಮೇಲೆ ಬೆರಳಿಟ್ಟುಕೊಂಡೇ ಮುಂದೆ ಬಂದಳು. ಅದು ನೇರ ಹೋಗಲಿಲ್ಲ. ಎಡಕ್ಕೆ ಬಾಗಿತು, ಮಗುವಿನ ಬೆನ್ನಿನಂತೆ ದುಂಡಗೆ ಬಾಗಿತು, ಮರದ ಬುಡ ಮುಟ್ಟಿ ಹಿಂದಕ್ಕೆ ತಿರುಗಿತು.

ತಲೆಯೆತ್ತಿದಳು. ಎಳೆಯ ಸ್ಪ್ರೂಸ್. ಕಣ್ಣಿನ ಎತ್ತರದ ಒಂದು ಕೊಂಬೆಯ ಮೇಲೆ ಮಾತ್ರ ಹಿಮ ತೆಳ್ಳಗಿತ್ತು.

ಅವಳು ಒಳಗೆ ಓಡಿದಳು. ಓಡಬೇಡ ಎಂದಿದ್ದು ನೆನಪಿತ್ತು. ಆದರೂ ಓಡಿದಳು.

ಬಂಡೆಯ ಮೇಲೆ ಒಂದು ಉದ್ದನೆಯ ಬಿಳಿ ದಿಬ್ಬ ಇತ್ತು. ಅದರ ಅಂಚಿನಲ್ಲಿ, ಹಿಮದಿಂದ ಹೊರಚಾಚಿದ ಓಟ್ಸ್ ತೆನೆಗಳ ಮೇಲೆ, ನಾಲ್ಕೈದು ಹಳದಿ ಹಕ್ಕಿಗಳು ಕೂತು ಕಾಳು ಕುಕ್ಕುತ್ತಿದ್ದವು. ಜನರ ಸದ್ದಿಗೆ ಬುರ್ರನೆ ಎದ್ದವು. ತೈಮಿ ದಿಬ್ಬದ ಮೇಲಿನ ಹಿಮವನ್ನು ಎರಡು ಕೈಯಲ್ಲೂ ಬಾಚಿದಳು. ಶಾಲು. ಹುಬ್ಬು. ಕಣ್ಣು ಮುಚ್ಚಿತ್ತು. ಅಕ್ಕನ ಒಂದು ಕೈಗವಸು ಪಕ್ಕದಲ್ಲಿ ಬಿದ್ದಿತ್ತು, ಆ ಕೈ ಮೇಣದ ಬಣ್ಣ ತಿರುಗಿತ್ತು.

"ಅಕ್ಕಾ. ಅಕ್ಕಾ, ಬಂದೆ ಕಣೇ. ಹಿಲ್ಕಾ!"

ಮುಖ್ಯಸ್ಥೆ ಅವಳನ್ನು ಮೃದುವಾಗಿ ಪಕ್ಕಕ್ಕೆ ಸರಿಸಿ ಕುತ್ತಿಗೆಗೆ ಬೆರಳಿಟ್ಟಳು. ತುಂಬ ಹೊತ್ತು ಇಟ್ಟಳು. ತೈಮಿ ಆ ಬೆರಳನ್ನೇ ನೋಡುತ್ತಿದ್ದಳು. ತೌನೊ ಬಂಡೆಯ ಕೆಳಗೆ ಟೋಪಿ ತೆಗೆದು ನಿಂತಿದ್ದ. ಹಿಮ ಅವನ ಬೋಳು ತಲೆಯ ಮೇಲೆ ಬೀಳುತ್ತಿತ್ತು.

"ಇದೆ," ಎಂದಳು ಮುಖ್ಯಸ್ಥೆ. "ನಿಧಾನ. ಆದ್ರೆ ಇದೆ. ಯಾರೂ ಅಲ್ಲಾಡಿಸಬೇಡಿ, ಮೊಟ್ಟೆ ಎತ್ತೋ ಹಾಗೆ ಎತ್ತಿ."

ಕಂಬಳಿ ಸುತ್ತುವಾಗ ಹಿಲ್ಕಾ ಕಣ್ಣು ಬಿಟ್ಟಳು. ತೈಮಿಯ ಮುಖ ಗುರುತು ಹಿಡಿಯಲು ಬಹಳ ಹೊತ್ತು ಬೇಕಾಯಿತು. ನಾಲಿಗೆ ತೊದಲುತ್ತಿತ್ತು.

"ಎಷ್ಟು ಹೊತ್ತು... ಮಾಡಿದ್ಯೇ. ಗುರುತು... ಇಡಲಿಲ್ವಾ?"

ಬಂಡೆಯ ಕೆಳಗೆ ತೌನೊ ತಲೆ ಎತ್ತಿದ.

"ಇಟ್ಟಿದ್ದೆ ಅಕ್ಕ," ಎಂದಳು ತೈಮಿ. "ಹಿಮ ಮುಚ್ಚಿಬಿಡ್ತು. ತೌನೊ ಇರಲಿಲ್ಲ ಅಂದ್ರೆ ಸಿಗ್ತಿರಲಿಲ್ಲ."

ಹಿಲ್ಕಾ ಇನ್ನೇನೋ ಹೇಳಲು ತುಟಿ ಅಲ್ಲಾಡಿಸಿದಳು, ಆಗಲಿಲ್ಲ. ಕಣ್ಣು ಮತ್ತೆ ಮುಚ್ಚಿತು. ತುಟಿಯ ಮೂಲೆ ಮಾತ್ರ, ತಪ್ಪು ಲೆಕ್ಕ ಮಾಡಿದ ಮಕ್ಕಳನ್ನು ನೋಡುವಾಗಿನಂತೆ, ಸ್ವಲ್ಪ ಕೆಳಗಿಳಿಯಿತು.

ಬಂಡಿ ಎಳೆದುಕೊಂಡು ಹೊರಟರು. ಉಳಿಯುತ್ತಾಳೋ ಇಲ್ಲವೋ ಎಂದು ತೈಮಿ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ಯುವಕ ಅವಳ ಬಲಗೈಗೆ ಮತ್ತೆ ಕೆಂಪು ಕೈಗವಸು ತೊಡಿಸಿದ. ತೋರುಬೆರಳೂ ನಡುಬೆರಳೂ ಬೆಳ್ಳಗಾಗಿದ್ದವು. ಅವುಗಳನ್ನು ಹಸಿರು ಹೆಬ್ಬೆಟ್ಟಿನ ಪಕ್ಕಕ್ಕೆ ಒಂದೊಂದಾಗಿ ಸೇರಿಸಿದ, ಮಗುವಿಗೆ ತೊಡಿಸುವ ಹಾಗೆ. ತೌನೊ ಇನ್ನೂ ಅಲ್ಲೇ ನಿಂತಿದ್ದ. ಯಾರ ಹಿಂದೆ ಹೋಗಬೇಕು ಎಂದೂ ಅವನಿಗೆ ತಿಳಿದಂತಿರಲಿಲ್ಲ.

"ತೌನೊ," ಎಂದಳು ತೈಮಿ. "ತೆನೆ ಎಲ್ಲ ಅಲ್ಲೇ ಹರಡಿ ಬಿದ್ದಿದೆ. ಬೆಳಕು ಹೋಗೋಕೆ ಮುಂಚೆ ಒಟ್ಟು ಮಾಡಿ ಕಂಬಕ್ಕೆ ಕಟ್ಟಿಬಿಡ್ತೀರಾ? ನೆಟ್ಟಗೆ ಕಟ್ಟಬೇಕು, ನೋಡಿ. ಅವಳು ಎಚ್ಚರ ಆದ ತಕ್ಷಣ ಮೊದಲು ಕೇಳೋದು ಅದನ್ನೇ."

ಅವನು ತಲೆಯಾಡಿಸಿದ. ಟೋಪಿ ಹಾಕಿಕೊಂಡು ಮಂಡಿಯೂರಿ, ಹಿಲ್ಕಾ ಮಲಗಿದ್ದ ಜಾಗದಿಂದ ಒಂದೊಂದೇ ತೆನೆ ಆಯತೊಡಗಿದ. ತೈಮಿ ಬಂಡಿಯ ಪಕ್ಕಕ್ಕೆ ಬಂದು, ಕಂಬಳಿಯ ಮೇಲಿನಿಂದಲೇ ಅಕ್ಕನ ಕೈ ಇರುವ ಜಾಗದ ಮೇಲೆ ತನ್ನ ಕೈಯಿಟ್ಟು ನಡೆದಳು. ಸಂದು ದಾಟಿ ಮುಖ್ಯದಾರಿಗೆ ಬಂದಾಗ ಒಮ್ಮೆ ನಿಂತಳು. ಎಳೆಯ ಸ್ಪ್ರೂಸ್, ಅದರ ಬಲಕ್ಕೆ ತೊಗಟೆ ಸುಲಿದ ಒಂದು ಬರ್ಚ್, ಎಡಕ್ಕೆ ಮೊಣಕಾಲೆತ್ತರದ ಸೀಳು ಬಂಡೆ. ಮೂರನ್ನೂ ಇನ್ನೊಮ್ಮೆ ನೋಡಿಕೊಂಡು, ಬಂಡಿಯ ಹಿಂದೆ ಹೊರಟಳು.